ಅಧ್ಯಕ್ಷೆಯಾದ ಪುಟ್ಟಿಗೆ ಅತ್ತೆಯ ಕಾಗದ

ಪುಟ್ಟಿ,

ನಾವೆಲ್ಲ ಇಲ್ಲಿ ಕ್ಷೇಮ. ಮಳೆ ಹಿಡಿದಾಗಿನಿಂದ ನಿನ್ನ ಮಾವನ ಮಂಡಿನೋವು ಸ್ವಲ್ಪ ಹೆಚ್ಚಾಗಿದೆ, ಅಷ್ಟೆ. ಅರಿಸಿನ ಈ ಸಲ ಚೆನ್ನಾಗಿ ಹುಟ್ಟಿದೆ.

ಮೈಸೂರಿಗೆ ತರಬೇತಿಗೆ ಹೋದ ದಿನ ನೀನು ಫೋನ್ ಮಾಡಿ, "ಅತ್ತೆ, ಈ ಸಂಸ್ಥೆಗೆ ಅಬ್ದುಲ್ ನಜೀರ್ ಸಾಬ್ ಅಂತ ಹೆಸರಿಟ್ಟವ್ರೆ, ನಮ್ಮ ಗುಂಡ್ಲುಪೇಟೆಯವರಂತೆ, ಯಾರವರು?" ಎಂದು ಕೇಳಿದೆ. ಆವತ್ತು ನಿನ್ನ ಹಿಂದೆ ಗಲಾಟೆ ಇತ್ತು, ಕ್ಲಾಸಿಗೆ ಕರೆಯುತ್ತಿದ್ದರು. ಆಮೇಲೆ ಹೇಳುತ್ತೇನೆ ಅಂದಿದ್ದೆ. ಇಂಥದ್ದನ್ನು ಫೋನಿನಲ್ಲಿ ಹೇಳಿದರೆ ಅರ್ಧ ಕಿವಿಗೆ ಬಿದ್ದು ಅರ್ಧ ಉಳಿದುಹೋಗುತ್ತದೆ. ಕಾಗದವಾದರೆ ಮನಸ್ಸಿಗೆ ಬೇಜಾರಾದ ದಿನ ಮತ್ತೆ ತೆಗೆದು ಓದಬಹುದು. ಗ್ರಾಮ ಪಂಚಾಯಿತಿ ಅಧ್ಯಕ್ಷೆಯಾದ ಮೇಲೆ ಅಂಥ ದಿನಗಳು ನಿನಗೆ ಬಂದೇ ಬರುತ್ತವೆ.

ನಜೀರ್ ಸಾಬರನ್ನು ನಾನು ಕಂಡು ಮಾತಾಡಿದವಳಲ್ಲ. ಆದರೆ ನಾನು ಮನೆ ಹೊಸಿಲು ದಾಟಿ ಪಂಚಾಯಿತಿ ಕುರ್ಚಿಯ ಮೇಲೆ ಕೂತಿದ್ದು ಅವರು ತಂದ ಕಾನೂನಿನಿಂದ. 1983ರಲ್ಲಿ ರಾಮಕೃಷ್ಣ ಹೆಗಡೆಯವರ ಸರ್ಕಾರ ಬಂತು. ಅದು ಕರ್ನಾಟಕದ ಮೊದಲ ಕಾಂಗ್ರೆಸ್ಸೇತರ ಸರ್ಕಾರ. ಅದರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆ ಇವರದಾಯಿತು. ಆ ವರ್ಷಗಳಲ್ಲಿ ಬರ ಮೇಲಿಂದ ಮೇಲೆ ಬಂತು. ಹಳ್ಳಿ ಹಳ್ಳಿಗೂ ಕೊಳವೆಬಾವಿ ಕೊರೆಸಿ ಕೈಪಂಪು ಹಾಕಿಸಿದ ಮಂತ್ರಿ ಅಂತ ಜನ ಅವರನ್ನು 'ನೀರ್ ಸಾಬ್' ಎಂದೇ ಕರೆದರು. ಈಗಲೂ ವಯಸ್ಸಾದವರು ಹಾಗೆಯೇ ಕರೆಯುತ್ತಾರೆ, ನಿನ್ನ ಮಾವನನ್ನೇ ಕೇಳಿ ನೋಡು.

ನನಗೆ ನೀರಿಗಿಂತ ದೊಡ್ಡದಾಗಿ ಕಂಡಿದ್ದು ಅವರ ಇನ್ನೊಂದು ಕೆಲಸ. ಅಲ್ಲಿಯವರೆಗೆ ಒಂದು ಜಿಲ್ಲೆಯಲ್ಲಿ ಏನಾಗಬೇಕು ಅಂತ ತೀರ್ಮಾನವಾಗುತ್ತಿದ್ದುದು ಬೆಂಗಳೂರಿನಲ್ಲಿ, ಇಲ್ಲವೆ ಜಿಲ್ಲಾಧಿಕಾರಿಯ ಕಚೇರಿಯಲ್ಲಿ. ಊರಿನ ಪಂಚಾಯಿತಿ ಅಂದರೆ ಒಂದು ಬೀಗ ಹಾಕಿದ ಕೋಣೆ. ನಜೀರ್ ಸಾಬರು ತಂದ ಕಾನೂನು ಶಾಸನಸಭೆಯಲ್ಲಿ ಒಪ್ಪಿಗೆಯಾಗಿದ್ದು 1983ರಲ್ಲಿ, ರಾಷ್ಟ್ರಪತಿಗಳ ಅಂಕಿತ ಬೀಳುವ ಹೊತ್ತಿಗೆ 1985 ಆಗಿತ್ತು. ಹಳ್ಳಿಗಳನ್ನು ಕೂಡಿಸಿ ಸುಮಾರು 2500 ಮಂಡಲ ಪಂಚಾಯಿತಿಗಳು, ಜಿಲ್ಲೆಗೆ ಒಂದು ಜಿಲ್ಲಾ ಪರಿಷತ್ತು. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಮಂತ್ರಿಯ ದರ್ಜೆ. ಅಲ್ಲಿ ಮುಖ್ಯ ಕಾರ್ಯದರ್ಶಿಯಾಗಿ ಕೂರುವ ಐಎಎಸ್ ಅಧಿಕಾರಿ ಜಿಲ್ಲಾಧಿಕಾರಿಗಿಂತ ಹಿರಿಯರಾಗಿರಬೇಕು. ಶಾಲೆ, ಆಸ್ಪತ್ರೆ, ಕೃಷಿ, ಕುಡಿಯುವ ನೀರು ಎಲ್ಲದರ ನೌಕರರು, ದುಡ್ಡು ಚುನಾಯಿತ ಪರಿಷತ್ತಿನ ಕೆಳಗೆ ಬಂದವು.

ಇದೆಲ್ಲ ಯಾರ ಕೈಯಿಂದ ಬಂತು ಅಂತ ಯೋಚಿಸು. ಮಂತ್ರಿಗಳ ಕೈಯಿಂದ, ಶಾಸಕರ ಕೈಯಿಂದ, ದೊಡ್ಡ ದೊಡ್ಡ ಅಧಿಕಾರಿಗಳ ಕೈಯಿಂದ. ಅವರಿಗೆ ಇದು ಇಷ್ಟವಾಗಲಿಲ್ಲ, ಇಷ್ಟವಾಗುವುದು ಸಾಧ್ಯವೂ ಇರಲಿಲ್ಲ. ಸ್ವಂತ ಪಕ್ಷದವರೇ ಮುಖ ತಿರುಗಿಸುವ ಕೆಲಸ ಅದು. 1987ರ ಜನವರಿಯಲ್ಲಿ ಚುನಾವಣೆ ನಡೆದಾಗ ಕೆಲವು ಜಿಲ್ಲಾ ಪರಿಷತ್ತುಗಳನ್ನು ಎದುರು ಪಕ್ಷವಾದ ಕಾಂಗ್ರೆಸ್ ಗೆದ್ದುಕೊಂಡಿತು. ತಾನು ಬಿಟ್ಟುಕೊಟ್ಟ ಅಧಿಕಾರ ನಾಳೆ ತನ್ನ ವಿರೋಧಿಗಳ ಕೈಗೂ ಹೋಗಬಹುದು ಅಂತ ಗೊತ್ತಿದ್ದೂ ಕೊಡುವುದಿದೆಯಲ್ಲ, ಅದಕ್ಕೆ ಬೇರೆಯದೇ ಗುಂಡಿಗೆ ಬೇಕು. ಬಹಳ ಮಂದಿ ಒಳ್ಳೆಯ ಮಂತ್ರಿಗಳನ್ನು ನಾವು ನೋಡಿದ್ದೇವೆ. ಊರಿಗೆ ರಸ್ತೆ ಕೊಟ್ಟವರು, ಆಸ್ಪತ್ರೆ ಕೊಟ್ಟವರು ಇದ್ದಾರೆ. ತಮ್ಮ ಕೈಯಲ್ಲಿದ್ದ ಅಧಿಕಾರವನ್ನೇ ಕೊಟ್ಟವರು ನನಗೆ ಕಂಡಂತೆ ತೀರಾ ಕಡಿಮೆ. ಚುನಾವಣೆಯಾಗಿ ಎರಡು ವರ್ಷ ತುಂಬುವ ಮೊದಲೇ, 1988ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡರು. ಆವತ್ತು ನಮ್ಮ ಮಂಡಲ ಕಚೇರಿಯ ಮುಂದೆ ಅವರ ಫೋಟೋ ಇಟ್ಟು ಹೂವು ಹಾಕಿದರು. ಆಗ ನೀನು ಇನ್ನೂ ಹುಟ್ಟಿರಲಿಲ್ಲ.

ನಾನು ಮೆಂಬರಾದ ಬಗೆ ನಿನಗೆ ಪೂರ್ತಿ ಹೇಳಿಲ್ಲ. ನೂರಕ್ಕೆ 25 ಸೀಟು ಹೆಂಗಸರಿಗೆ ಅಂತ ಆ ಕಾನೂನಿನಲ್ಲಿತ್ತು. ನಮ್ಮೂರ ಯಜಮಾನರು ಮಾರಿಗುಡಿ ಜಗಲಿಯ ಮೇಲೆ ಕೂತು, ಎಸ್ಸೆಸ್ಸೆಲ್ಸಿವರೆಗೆ ಓದಿದ ಸೊಸೆ ಯಾರ ಮನೆಯಲ್ಲಿದ್ದಾಳೆ ಅಂತ ವಿಚಾರಿಸಿ, ನಿನ್ನ ಮಾವನನ್ನು ಕರೆಸಿದರು. ನನ್ನನ್ನು ಯಾರೂ ಕೇಳಲಿಲ್ಲ. ಗೆದ್ದ ಮೇಲೂ ಮೊದಮೊದಲು ನಡಾವಳಿ ಪುಸ್ತಕ ಮನೆ ಬಾಗಿಲಿಗೇ ಬರುತ್ತಿತ್ತು. "ಅಮ್ಮಾವ್ರೆ, ಇಲ್ಲೊಂದು ಸೈನು." ಒಂದು ಸಲ ಹಾಗೆ ಪೆನ್ನು ತಗೊಂಡಾಗ ಒಳಗಿನಿಂದ ನಮ್ಮತ್ತೆ ಕೂಗಿದರು, "ಏನ್ ಬರ್ದದೆ ಅಂತ ಓದ್ಬುಟ್ಟು ಹಾಕವ್ವ." ಅಕ್ಷರ ಬಾರದ ಆ ಹಿರಿಯ ಜೀವ ಹೇಳಿದ ಮಾತು ನನ್ನನ್ನು ಮುಂದಿನ ಸಭೆಗೆ ಕರೆದುಕೊಂಡು ಹೋಯಿತು. ಅಲ್ಲಿಂದಾಚೆಗೆ ಪುಸ್ತಕ ಮನೆಗೆ ಬರಲಿಲ್ಲ, ನಾನೇ ಪುಸ್ತಕ ಇದ್ದ ಕಡೆ ಹೋದೆ.

ಆಗ ಮಂಡಲದ ಮುಖ್ಯಸ್ಥರಿಗೆ ಪ್ರಧಾನರು ಅನ್ನುತ್ತಿದ್ದರು. ನಮ್ಮ ಪ್ರಧಾನರು ಊರಿನ ದೊಡ್ಡ ಕುಲದವರು, ಜಮೀನುದಾರರು. ಒಂದು ವರ್ಷ ನಮ್ಮೂರಿಗೆ ಮಂಜೂರಾಗಿದ್ದು ಒಂದೇ ಬೋರಿಂಗ್. ಭೂವಿಜ್ಞಾನಿ ಬಂದು ನೀರು ಸಿಗಬಹುದಾದ ಜಾಗಗಳನ್ನು ಗುರುತು ಮಾಡಿ ಹೋದರು. ಒಂದು ಗುರುತು ಮಾರಿಗುಡಿ ಮುಂದೆ, ಇನ್ನೊಂದು ದಲಿತರ ಕಾಲೋನಿಯಲ್ಲಿ. ಗುಡಿ ಮುಂದೆಯೇ ಹಾಕಿಸಬೇಕು ಅಂತ ಯಜಮಾನರ ಪಟ್ಟು. ಪ್ರಧಾನರಿಗೆ ಮನಸ್ಸಿದ್ದುದು ಕಾಲೋನಿಗೆ. ಅವರು ಹೇಳಿದ್ದರೆ ಲಾರಿ ನೇರ ಕಾಲೋನಿಗೆ ಹೋಗಿ ನಿಲ್ಲುತ್ತಿತ್ತು, ಅಷ್ಟು ಅಧಿಕಾರ ಅವರಿಗಿತ್ತು. ಅವರು ಹಾಗೆ ಮಾಡಲಿಲ್ಲ. ಕಾಲೋನಿಯ ಹೊಂಗೆ ಮರದ ಕೆಳಗೆ ಊರನ್ನೆಲ್ಲ ಸೇರಿಸಿದರು. ಗುಡಿ ಬೀದಿಯ ಹೆಂಗಸರನ್ನು ಕೇಳಿದರು: ನಿಮ್ಮ ಬಾವಿಯಲ್ಲಿ ನೀರು ಎಷ್ಟು ಆಳಕ್ಕಿದೆ? ಕಾಲೋನಿಯ ಹೆಂಗಸರನ್ನು ಕೇಳಿದರು: ನೀವು ನೀರಿಗೆ ಎಲ್ಲಿಗೆ ಹೋಗುತ್ತೀರಿ, ಹೊರಟರೆ ಬರುವುದು ಎಷ್ಟು ಹೊತ್ತಿಗೆ? ಹೊಲದ ಮೋಟಾರು ಬಿಟ್ಟಾಗ ಧಣಿಗಳ ಅಪ್ಪಣೆ ಕೇಳಿ ಹಿಡಿದುಕೊಳ್ಳುತ್ತೇವೆ ಅಂತ ಒಬ್ಬಳು ಹೇಳಿದಳು. ಆ ಧಣಿಗಳು ಅಲ್ಲೇ ಕೂತಿದ್ದರು. ಆಮೇಲೆ ಯಾರೂ ಹೆಚ್ಚು ವಾದ ಮಾಡಲಿಲ್ಲ. ಮೆಂಬರುಗಳು ಕೈ ಎತ್ತಿದೆವು, ನಡಾವಳಿ ಬರೆದೆವು, ಬೋರಿಂಗ್ ಕಾಲೋನಿಗೆ ಬಂತು.

ಇದರಿಂದ ಜಾತಿ ಹೋಯಿತು ಅಂತ ನಾನು ಹೇಳುವುದಿಲ್ಲ ಪುಟ್ಟಿ, ಅದು ಸುಳ್ಳಾಗುತ್ತದೆ. ಬೇಸಿಗೆಯಲ್ಲಿ ಗುಡಿ ಬೀದಿಯ ಬಾವಿ ಬತ್ತಿ ನಮ್ಮ ಬಿಂದಿಗೆಗಳೂ ಅದೇ ಬೋರಿಂಗಿಗೆ ಹೋದವು, ಆದರೂ ಹಬ್ಬದ ದಿನ ಹಳೆಯ ಗೆರೆ ಹಾಗೇ ಇರುತ್ತಿತ್ತು. ಪ್ರಧಾನರನ್ನು ಮುಂದಿನ ಮಾರಿಹಬ್ಬದಲ್ಲಿ ಮೊದಲ ತಾಂಬೂಲಕ್ಕೆ ಕರೆಯಲಿಲ್ಲ. ಅವರು ಅದನ್ನು ಒಂದು ದಿನವೂ ಬಾಯಿ ಬಿಟ್ಟು ಹೇಳಿಕೊಂಡವರಲ್ಲ.

ಅವರೊಬ್ಬರೇ ತೀರ್ಮಾನ ಮಾಡಿದ್ದರೂ ಬೋರಿಂಗ್ ಅದೇ ಜಾಗಕ್ಕೆ ಬೀಳುತ್ತಿತ್ತಲ್ಲ, ಹೆಚ್ಚು ಕಡಿಮೆ ಏನಾಯಿತು ಅಂತ ನೀನು ಕೇಳಬಹುದು. ನಾನು ಬಹಳ ವರ್ಷ ಇದನ್ನು ತಲೆಯಲ್ಲಿಟ್ಟುಕೊಂಡು ಯೋಚಿಸಿದ್ದೇನೆ. ಅವರೊಬ್ಬರೇ ಕೊಡಿಸಿದ್ದರೆ ಅದು ಧಣಿಗಳ ಉಪಕಾರವಾಗುತ್ತಿತ್ತು. ಉಪಕಾರ ಪಡೆದವರು ಕೈ ಕಟ್ಟಿ ನಿಲ್ಲಬೇಕು, ಓಟಿನ ದಿನ ನೆನಪಿಸಿಕೊಳ್ಳಬೇಕು, ಪಂಪು ಕೆಟ್ಟರೆ ಮನೆ ಬಾಗಿಲಿಗೆ ಹೋಗಿ ಬೇಡಬೇಕು. ಊರಿನ ಎದುರು ಲೆಕ್ಕ ನೋಡಿ, ನಡಾವಳಿ ಬರೆದು ಬಂದಿದ್ದರಿಂದ ಅದು ಅವರ ಹಕ್ಕಿನ ಬೋರಿಂಗ್ ಆಯಿತು. ಮುಂದೆ ಅದರ ವಾಷರ್ ಸವೆದು ನೀರು ಬರುವುದು ನಿಂತಾಗ ಕಾಲೋನಿಯ ಹೆಂಗಸರು ಮಂಡಲ ಕಚೇರಿಗೇ ಬಂದು ಪ್ರಧಾನರನ್ನು ಜೋರು ಮಾಡಿದರು. ಅದೇ ಹೆಂಗಸರು, ಅದೇ ಪ್ರಧಾನರು. ಬೈಸಿಕೊಳ್ಳುತ್ತಾ ಕೂತಿದ್ದ ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ನಾಯಕತ್ವ ಅಂದರೆ ಏನು ಅಂತ ನಿನ್ನ ತರಬೇತಿಯಲ್ಲಿ ಪಾಠ ಮಾಡಿರುತ್ತಾರೆ. ನಾನು ಅದನ್ನು ನೋಡಿದ್ದು ಆವತ್ತು.

ನೀನು ಮಾಡುವ ಪ್ರತಿ ಕೆಲಸದಲ್ಲೂ ಈ ಒಂದನ್ನು ನೋಡಿಕೋ ಅನ್ನುವುದಕ್ಕೇ ಈ ಕಾಗದ. ಒಳ್ಳೆಯದು ಮಾಡಿದೆಯಾ ಅನ್ನುವುದರ ಜೊತೆಗೆ, ಅದನ್ನು ಪಡೆದವರು ನಾಳೆ ನಿನ್ನನ್ನು ಪ್ರಶ್ನೆ ಮಾಡುವ ಹಾಗೆ ಮಾಡಿದೆಯಾ ಅನ್ನುವುದನ್ನೂ ಕೇಳಿಕೋ.

ಸರ್ಕಾರಿ ಮನೆಗಳ ಪಟ್ಟಿಯಿಂದಲೇ ನಿನಗೆ ಪರೀಕ್ಷೆ ಶುರುವಾಗುತ್ತದೆ. ಬರುವ ಮನೆ ನಾಲ್ಕಾದರೆ ಅರ್ಜಿ ನಲವತ್ತು. ಬೆಳಿಗ್ಗೆ ಕಾಫಿ ಹೊತ್ತಿಗೆ ಬಾಗಿಲಲ್ಲಿ ನಿಲ್ಲುವವರಿದ್ದಾರೆ, ರಾತ್ರಿ ಊಟದ ಹೊತ್ತಿಗೆ ಬರುವವರಿದ್ದಾರೆ. "ನೀವು ಮನಸ್ಸು ಮಾಡಿದ್ರೆ ಆಯ್ತದೆ ಅಧ್ಯಕ್ಷರೇ" ಅನ್ನುತ್ತಾರೆ. ಆ ಮಾತು ಕಿವಿಗೆ ಬಹಳ ಹಿತವಾಗಿರುತ್ತದೆ. ನಂಬಬೇಡ. ಫಲಾನುಭವಿಗಳನ್ನು ಆರಿಸಬೇಕಾದ್ದು ಗ್ರಾಮಸಭೆ, ನಿನ್ನ ಮನಸ್ಸಲ್ಲ. ಯಾರ ಹೆಸರು ಮೇಲಿದೆ, ಯಾರದು ಕೆಳಗಿದೆ, ಯಾಕೆ ಅಂತ ಬರೆದು ಪಂಚಾಯಿತಿ ಗೋಡೆಗೆ, ಡೇರಿ ಗೋಡೆಗೆ, ಕಾಲೋನಿಯ ಸಮುದಾಯ ಭವನಕ್ಕೆ ಅಂಟಿಸು. ಹಾಡಿಯವರು ಗ್ರಾಮಸಭೆಗೆ ಬರುವುದಿಲ್ಲ ಅಂತ ನಿನ್ನ ಮೆಂಬರುಗಳು ಹೇಳುತ್ತಾರೆ. ಒಂದು ದಿನದ ಕೂಲಿ ಬಿಟ್ಟು, ಕಾಡಂಚಿನಿಂದ ನಡೆದು, ಮಾತಾಡಲು ಬಿಡದ ಸಭೆಗೆ ಅವರು ಯಾಕೆ ಬರಬೇಕು? ನೀನೇ ಅಲ್ಲಿಗೆ ಹೋಗಿ ವಾರ್ಡ್ ಸಭೆ ಮಾಡು. ಅವರು ಕೆಲಸಕ್ಕೆ ಹೋಗದ ಹೊತ್ತು ನೋಡಿ ಹೋಗು.

ನಿನ್ನ ತಮ್ಮನ ವಿಷಯ. ಕಾಂಟ್ರಾಕ್ಟರ್ ಲೈಸೆನ್ಸ್ ಮಾಡಿಸಲು ಓಡಾಡುತ್ತಿದ್ದಾನೆ, ಪುಟ್ಟಿ ಪಂಚಾಯಿತಿಯಲ್ಲೇ ಚರಂಡಿ ಕೆಲಸ ಸಿಗಬಹುದು ಅಂತ ನಿನ್ನಪ್ಪ ಹೋದ ವಾರ ಸಂತೋಷದಿಂದ ಹೇಳಿದ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಅವನು ಒಳ್ಳೆಯ ಹುಡುಗ, ಚರಂಡಿಯನ್ನೂ ಗಟ್ಟಿಯಾಗಿಯೇ ಕಟ್ಟಿಸಬಹುದು. ಆದರೆ ಅವನ ಬಿಲ್ಲಿಗೆ ನೀನು ಒಪ್ಪಿಗೆ ಕೊಟ್ಟ ದಿನದಿಂದ ಬೇರೆ ಯಾವ ಕಾಂಟ್ರಾಕ್ಟರಿಗೂ ಸಿಮೆಂಟು ಕಡಿಮೆ ಹಾಕಿದ್ದೀಯ ಅಂತ ಹೇಳುವ ಬಾಯಿ ನಿನಗಿರುವುದಿಲ್ಲ. ನಿನ್ನ ಅವಧಿ ಮುಗಿಯುವವರೆಗೆ ಬೇರೆ ಊರಿನಲ್ಲಿ ಕೆಲಸ ನೋಡಿಕೊಳ್ಳಲಿ. ಅಪ್ಪನ ಎದುರು ಮಾತಾಡಲು ಸಂಕೋಚವಾದರೆ, "ಅತ್ತೆ ಬೇಡ ಅಂದವಳೆ" ಅನ್ನು. ನನ್ನ ಅಣ್ಣ ನನ್ನ ಮೇಲೆ ನಾಲ್ಕು ದಿನ ಕೋಪ ಮಾಡಿಕೊಳ್ಳುತ್ತಾನೆ, ಆಮೇಲೆ ಸರಿಹೋಗುತ್ತಾನೆ.

ಇನ್ನೊಂದು ವಿಷಯ ಬರೆಯಲು ಕಷ್ಟ. ಅಳಿಯಂದಿರು ಒಳ್ಳೆಯವರು. ನಿನಗೋಸ್ಕರ ಬಿಸಿಲಲ್ಲಿ ಓಡಾಡಿ ಓಟು ಕೇಳಿದವರು. ನಿನ್ನ ಮೇಲೆ ಅವರಿಗಿರುವ ಪ್ರೀತಿಯಲ್ಲಿ ನನಗೆ ಅನುಮಾನವಿಲ್ಲ. ಆದರೂ ಡಿಜಿಟಲ್ ಸಹಿಯ ಡಾಂಗಲ್ ನಿನ್ನ ಹತ್ತಿರವೇ ಇರಲಿ. ಹಣ ಬಿಡುಗಡೆಯಾಗುವುದು ಪಿಡಿಒ ಜೊತೆಗೆ ನಿನ್ನ ಒಪ್ಪಿಗೆಯೂ ಬಿದ್ದ ಮೇಲೆ. ಆ ಕೀಲಿ ಅಳಿಯಂದಿರ ಅಂಗಿ ಜೇಬಿನಲ್ಲಿದ್ದರೆ, ಒಟಿಪಿ ಅವರ ಮೊಬೈಲಿಗೆ ಬಂದರೆ, ನಾಳೆ ಲೆಕ್ಕ ತಪ್ಪಿದಾಗ ನೋಟಿಸ್ ಬರುವುದು ನಿನ್ನ ಹೆಸರಿಗೆ. ಅದಕ್ಕಿಂತ ಮುಖ್ಯ, ಊರಿನ ಹೆಂಗಸರು ನಿನಗೆ ಓಟು ಹಾಕಿದ್ದು ನಿನ್ನ ಹತ್ತಿರ ಹೇಳಿಕೊಳ್ಳಬಹುದು ಅಂತ. ಅವರು ಕಚೇರಿಗೆ ಬಂದಾಗ ಪಕ್ಕದ ಕುರ್ಚಿಯಲ್ಲಿ ಗಂಡಸೊಬ್ಬರು ಕೂತಿದ್ದರೆ ಅರ್ಧ ಮಾತು ಬಾಯಲ್ಲೇ ಉಳಿಯುತ್ತದೆ. ಈಗ ನಮ್ಮ ರಾಜ್ಯದಲ್ಲಿ ಪಂಚಾಯಿತಿಯ ಅರ್ಧ ಸ್ಥಾನ ಹೆಂಗಸರದು. ಕುರ್ಚಿ ನಮ್ಮದು, ಮಾತು ಅವರದು ಅನ್ನುವ ಹಾಗಾದರೆ ಇಷ್ಟು ವರ್ಷದ ದಾರಿ ವ್ಯರ್ಥ. ಸಭೆಯಲ್ಲಿ ಹೇಳಬೇಡ, ಮನೆಯಲ್ಲಿ ಇಬ್ಬರೇ ಇದ್ದಾಗ ಹೇಳು. ಅವರು ತಿಳಿದುಕೊಳ್ಳುತ್ತಾರೆ. ಈ ಕಾಗದ ತೋರಿಸಬೇಕು ಅನ್ನಿಸಿದರೆ ತೋರಿಸು.

ಇಷ್ಟು ಓದಿ, ಅತ್ತೆ ನನ್ನ ಕೈ ಕಟ್ಟಿ ಕೂರಿಸುತ್ತಿದ್ದಾಳೆ ಅಂದುಕೊಳ್ಳಬೇಡ. ಅಧಿಕಾರವನ್ನು ಬಳಸದೆ ಸುಮ್ಮನಿರುವುದೂ ಅನ್ಯಾಯವೇ. ಎಲ್ಲರಿಗೂ ಒಳ್ಳೆಯವಳಾಗಿರುತ್ತೇನೆ ಅಂತ ಹೊರಟ ಅಧ್ಯಕ್ಷರಿಂದ ಲಾಭವಾಗುವುದು ಬಲವಿದ್ದವರಿಗೆ ಮಾತ್ರ. ನಲ್ಲಿಗೆ ಮೋಟಾರು ಹಾಕಿ ನೀರೆಳೆಯುವ ಮನೆಗಳು ಯಾವುವು ಅಂತ ನಿನ್ನ ನೀರುಗಂಟಿಗೆ ಗೊತ್ತಿರುತ್ತದೆ. ಅವನು ಹೇಳುವುದಿಲ್ಲ, ಹೇಳಿದರೆ ಅವನ ಕೆಲಸ ಹೋಗುತ್ತದೆ. ಕೊನೆಯ ಬೀದಿಯ ತೊಂಬೆಗೆ ನೀರು ಹತ್ತದಿರುವುದು ಅದಕ್ಕೇ. ಆ ಮೋಟಾರುಗಳನ್ನು ಬಿಚ್ಚಿಸುವ ಅಧಿಕಾರ ಪಂಚಾಯಿತಿಗಿದೆ. ಬಿಚ್ಚಿಸು. ಮೊದಲು ದೊಡ್ಡ ಮನೆಯದು, ನಿನಗೆ ಓಟು ಹಾಕಿಸಿದವರದು. ಕಂದಾಯ ಬಾಕಿಯ ಪಟ್ಟಿ ತರಿಸು. ಗುಡಿಸಲಿನವರ ಐನೂರು ರೂಪಾಯಿಗೆ ನಲ್ಲಿ ಕತ್ತರಿಸುವ ಪಂಚಾಯಿತಿಗಳು ಕಲ್ಯಾಣಮಂಟಪದ, ಮಿಲ್ಲಿನ, ಬೆಟ್ಟದ ದಾರಿಯ ರೆಸಾರ್ಟಿನ ಬಾಕಿಯನ್ನು ವರ್ಷಗಟ್ಟಲೆ ಮುಟ್ಟುವುದಿಲ್ಲ. ನೀನು ಮೇಲಿನಿಂದ ಶುರು ಮಾಡು. ಕೆರೆ ಅಂಗಳದ ಒತ್ತುವರಿಗೂ ಇದೇ ಮಾತು. ಕಬಿನಿ ನೀರು ತಂದು ಕೆರೆಗೆ ತುಂಬಿಸುವ ಈ ಕಾಲದಲ್ಲಿ ಕೆರೆಯೇ ಅರ್ಧ ತೋಟವಾಗಿದ್ದರೆ ನೀರು ಎಲ್ಲಿ ನಿಲ್ಲಬೇಕು? ಇದಕ್ಕೆಲ್ಲ ಜನ ನಿನ್ನನ್ನು ಬೈಯುತ್ತಾರೆ. ಬೈಯಲಿ. ಬಲವಿಲ್ಲದವರ ಪರವಾಗಿ ಬೈಸಿಕೊಳ್ಳಲಿಕ್ಕೂ ಯಾರಾದರೂ ಇರಬೇಕಲ್ಲ.

ನೀರುಗಂಟಿ ಅಂದೆನಲ್ಲ, ಅವನಿಗೆ ಎಷ್ಟು ತಿಂಗಳ ಸಂಬಳ ಬಾಕಿ ಇದೆ ಅಂತ ನಾಳೆಯೇ ಕೇಳು. ಬಿಲ್ ಕಲೆಕ್ಟರನ್ನೂ, ಕಸ ಎತ್ತುವ ಹೆಂಗಸರನ್ನೂ ಕೇಳು. ಪಂಚಾಯಿತಿಯಲ್ಲಿ ಎಲ್ಲರಿಗಿಂತ ಮೊದಲು ಬರುವವರಿಗೆ ಎಲ್ಲರಿಗಿಂತ ಕೊನೆಗೆ ದುಡ್ಡು ಸಿಗುತ್ತದೆ. ಪಿಡಿಒ ಜೊತೆ ಜಗಳಕ್ಕೂ ಹೋಗಬೇಡ, ಅವರು ಇಟ್ಟ ಕಡೆ ಒಪ್ಪಿಗೆಯನ್ನೂ ಒತ್ತಬೇಡ. ನಿಯಮ ಏನಿದೆ ತೋರಿಸಿ ಅನ್ನು. ಒಳ್ಳೆಯ ಅಧಿಕಾರಿಯಾದರೆ ಸಂತೋಷದಿಂದ ತೋರಿಸುತ್ತಾರೆ. ಅಲ್ಲದವರಾದರೆ ನೀನು ಕೇಳಿದ್ದೇ ಅವರಿಗೊಂದು ಎಚ್ಚರಿಕೆ.

ಸಭೆಯಲ್ಲಿ ಕೂರುವ ಬಗೆಗೆ ನಮ್ಮ ತಾಲ್ಲೂಕಿನವರೇ ಇನ್ನೊಬ್ಬರನ್ನು ನೆನಪು ಮಾಡಿಕೊಡಬೇಕು. ಕೆ.ಎಸ್. ನಾಗರತ್ನಮ್ಮನವರು. ಗುಂಡ್ಲುಪೇಟೆಯಿಂದ ಮತ್ತೆ ಮತ್ತೆ ಗೆದ್ದವರು, 1972ರಿಂದ 78ರವರೆಗೆ ವಿಧಾನಸಭೆಯ ಸ್ಪೀಕರ್ ಆಗಿದ್ದವರು. ಆ ಪೀಠದಲ್ಲಿ ಕೂತ ಮೊದಲ ಹೆಂಗಸು. ಸ್ಪೀಕರಿಗೆ ಇರುವ ಅಧಿಕಾರ ಏನು ಹೇಳು? ಯಾರು ಮಾತಾಡಬೇಕು ಅಂತ ಹೇಳುವುದು. ತಾನು ಹೆಚ್ಚು ಮಾತಾಡದೆ, ಬೇರೆಯವರಿಗೆ, ಅದರಲ್ಲೂ ವಿರೋಧ ಮಾಡುವವರಿಗೆ ಮಾತು ಕೊಡುವ ಜಾಗ ಅದು. ನಿನ್ನ ಪಂಚಾಯಿತಿ ಸಭೆಯಲ್ಲಿ ನೀನೂ ಅದೇ ಜಾಗದಲ್ಲಿ ಕೂತಿರುತ್ತೀಯ. ನಿನ್ನ ವಿರುದ್ಧ ಓಟು ಹಾಕಿದ ಮೆಂಬರ ವಾರ್ಡಿಗೆ ಕೆಲಸ ಕಡಿಮೆ ಕೊಟ್ಟರೆ ಶಿಕ್ಷೆಯಾಗುವುದು ಅಲ್ಲಿಯ ಜನಕ್ಕೆ, ಅವನಿಗಲ್ಲ. ಮಕ್ಕಳ ಗ್ರಾಮಸಭೆಯನ್ನೂ ಶಾಸ್ತ್ರಕ್ಕೆ ಮಾಡಿ ಬಿಸ್ಕತ್ತು ಹಂಚಿ ಮುಗಿಸಬೇಡ. ಶಾಲೆಯ ಶೌಚಾಲಯಕ್ಕೆ ಬಾಗಿಲಿಲ್ಲ ಅಂತ ಮೈಕಿನಲ್ಲಿ ಹೇಳುವುದು ಏಳನೇ ಕ್ಲಾಸಿನ ಹುಡುಗಿಗೆ ಸಣ್ಣ ಮಾತಲ್ಲ. ಮುಂದಿನ ವರ್ಷ ಅವಳು ಅದೇ ಮೈಕು ಹಿಡಿಯುವ ಹೊತ್ತಿಗೆ ಬಾಗಿಲು ಇರಬೇಕು. ಇಲ್ಲವಾದರೆ ಕೇಳಿ ಪ್ರಯೋಜನವಿಲ್ಲ ಅನ್ನುವ ಪಾಠವನ್ನು ಆ ವಯಸ್ಸಿಗೇ ನಾವು ಅವಳಿಗೆ ಕಲಿಸಿದ ಹಾಗಾಯಿತು.

ನಜೀರ್ ಸಾಬರು ಹೋದ ಮೇಲೆ ಏನಾಯಿತು ಅಂತ ಹೇಳದಿದ್ದರೆ ಕತೆ ಅರ್ಧವಾಗುತ್ತದೆ. 1992ರ ಆರಂಭದಲ್ಲಿ ನಮ್ಮ ಅವಧಿ ಮುಗಿಯಿತು. ಹೊಸ ಚುನಾವಣೆ ಮಾಡಲಿಲ್ಲ, ಆಡಳಿತಾಧಿಕಾರಿಗಳನ್ನು ಕೂರಿಸಿದರು. ನಾವು ಓಡಾಡುತ್ತಿದ್ದ ಕಚೇರಿಯಲ್ಲಿ ಮತ್ತೆ ಬಾಗಿಲ ಹೊರಗೆ ನಿಂತು ಕಾಯುವುದಾಯಿತು. ಮುಂದಿನ ವರ್ಷ ಸಂವಿಧಾನದ 73ನೇ ತಿದ್ದುಪಡಿ ಬಂದು, ಪಂಚಾಯಿತಿಗಳು ಇರಲೇಬೇಕು, ಐದು ವರ್ಷಕ್ಕೊಮ್ಮೆ ಚುನಾವಣೆ ಆಗಲೇಬೇಕು ಅಂತ ದೇಶಕ್ಕೆಲ್ಲ ಕಾನೂನಾಯಿತು. 1993ರ ಕೊನೆಗೆ ಗ್ರಾಮ ಪಂಚಾಯಿತಿ ಚುನಾವಣೆ ನಡೆಯಿತು. ಅಷ್ಟಾದರೂ ನೋಡು, 2021ರಲ್ಲಿ ಅವಧಿ ಮುಗಿದ ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳಿಗೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಯಾವ ಪಕ್ಷ ಬಂದರೂ ಅಷ್ಟೆ. ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಅಂತ ಒಂದಾದ ಮೇಲೊಂದು ಕಾರಣ. ಇದು ನನಗೆ ಈ ವಯಸ್ಸಿನಲ್ಲೂ ಹೊಟ್ಟೆ ಉರಿಸುತ್ತದೆ. ಇಳಿದು ಬಂದ ಅಧಿಕಾರ ಇಳುಕಲಿನ ನೀರಿನ ಹಾಗೆ ತಾನಾಗಿ ಕೆಳಗೇ ಉಳಿಯುವುದಿಲ್ಲ ಪುಟ್ಟಿ, ಕಾಯುವವರಿಲ್ಲದಿದ್ದರೆ ಮೇಲಿನವರು ಮತ್ತೆ ಎಳೆದುಕೊಳ್ಳುತ್ತಾರೆ. ವಿಧಾನಸೌಧದ ಬಗ್ಗೆ ನಾವು ಇಷ್ಟು ಸಿಟ್ಟಾಗುತ್ತೇವಲ್ಲ, ನಿನ್ನ ಪಂಚಾಯಿತಿಯಲ್ಲಿ ನೀನೇ ಆ ಮೇಲಿನವಳು ಅನ್ನುವುದನ್ನು ಮರೆಯಬೇಡ. ಗ್ರಾಮಸಭೆಯನ್ನು ಮುಂದೆ ಹಾಕುವಾಗ, ಕೋರಂ ಇಲ್ಲದಿದ್ದರೂ ಮನೆ ಮನೆಗೆ ಪುಸ್ತಕ ಕಳಿಸಿ ಸೈನು ತರಿಸುವಾಗ ನಾವೂ ಅವರು ಮಾಡಿದ್ದನ್ನೇ ಮಾಡುತ್ತೇವೆ.

ಲೆಕ್ಕದ ವಿಷಯ ಬರೆದು ನಿಲ್ಲಿಸುತ್ತೇನೆ. ರಾಜಸ್ಥಾನದ ಹಳ್ಳಿಗಳಲ್ಲಿ 1994ರ ಕೊನೆಯಲ್ಲಿ ಅರುಣಾ ರಾಯ್ ಮತ್ತು ಅವರ ಜೊತೆಗಿದ್ದ ಕೂಲಿಕಾರರ ಸಂಘಟನೆಯವರು ಒಂದು ಸರಳವಾದ ಕೆಲಸ ಶುರು ಮಾಡಿದರು. ಸರ್ಕಾರಿ ಕಾಮಗಾರಿಯ ಹಾಜರಿ ಪಟ್ಟಿ, ಬಿಲ್ಲುಗಳನ್ನು ತಂದು ಊರಿನವರ ಎದುರು ಗಟ್ಟಿಯಾಗಿ ಓದುವುದು. ಕೆಲಸಕ್ಕೇ ಹೋಗದವರ ಹೆಸರಿನಲ್ಲಿ ಕೂಲಿ, ಕಟ್ಟದ ಕಟ್ಟಡಕ್ಕೆ ಬಿಲ್ಲು, ಎಲ್ಲ ಹೊರಗೆ ಬಂತು. ನಮ್ಮ ದುಡ್ಡು, ನಮ್ಮ ಲೆಕ್ಕ ಅಂತ ಆ ಕೂಲಿಕಾರರು ಕೂಗಿದ್ದು ಬೆಳೆದು ಬೆಳೆದು 2005ರ ಮಾಹಿತಿ ಹಕ್ಕು ಕಾಯ್ದೆಯವರೆಗೆ ಹೋಯಿತು. ನಮ್ಮಲ್ಲಿ ಅದಕ್ಕೆ ಜಮಾಬಂದಿ ಇದೆ. ವರ್ಷಕ್ಕೊಮ್ಮೆ ಪಂಚಾಯಿತಿಯ ಜಮಾ ಖರ್ಚನ್ನು ಊರಿನ ಎದುರು ಓದಿ, ಮಾಡಿದ ಕಾಮಗಾರಿಯನ್ನು ಹೋಗಿ ನೋಡುವ ದಿನ. ಹೆಚ್ಚು ಕಡೆ ಅದು ಶಾಮಿಯಾನ, ಹಾರ, ಅಧಿಕಾರಿಯ ಭಾಷಣದಲ್ಲಿ ಮುಗಿಯುತ್ತದೆ. ಬೀದಿದೀಪದ ಬಲ್ಬಿಗೆ ಎಷ್ಟು ಹೋಯಿತು, ಬ್ಲೀಚಿಂಗ್ ಪೌಡರಿಗೆ ಎಷ್ಟು, ಯಾವ ಅಂಗಡಿಯಿಂದ ತಂದದ್ದು ಅಂತ ನೀನೇ ನಿಂತು ಓದು. ಅಲ್ಲಿ ಓದಲು ನಾಚಿಕೆಯಾಗುವ ಖರ್ಚನ್ನು ಈಗಲೇ ಮಾಡದೆ ಬಿಡು. ನಿನ್ನನ್ನು ಕಾಯುವುದಕ್ಕೆ ಅದಕ್ಕಿಂತ ಒಳ್ಳೆಯ ಕಾವಲು ನನಗೆ ಗೊತ್ತಿಲ್ಲ.

ನಿಮ್ಮ ಪಂಚಾಯಿತಿಯ ಜಮಾಬಂದಿ ತಾರೀಖು ಗೊತ್ತಾದ ಕೂಡಲೇ ನನಗೊಂದು ಫೋನ್ ಮಾಡು. ಹಿಂದಿನ ದಿನವೇ ಬರುತ್ತೇನೆ, ಅಳಿಯಂದಿರು ಬಸ್ ಸ್ಟ್ಯಾಂಡಿಗೆ ಬರಲಿ. ನನ್ನನ್ನು ವೇದಿಕೆಯ ಮೇಲೆ ಕೂರಿಸುವ ಯೋಚನೆ ಮಾಡಬೇಡ. ಹೆಂಗಸರ ಜೊತೆ ಚಾಪೆ ಮೇಲೆ ಕೂರುತ್ತೇನೆ. ನಿನ್ನ ಊರಿನವಳಲ್ಲದಿದ್ದರೂ ಅತ್ತೆ ಅನ್ನುವ ಸಲಿಗೆಯಿಂದ ಒಂದು ಪ್ರಶ್ನೆ ಕೇಳಲು ಬಿಡುತ್ತೀಯ ಅಂತ ನಂಬಿದ್ದೇನೆ. ಕೊನೆಯ ಬೀದಿಯ ತೊಂಬೆಗೆ ನೀರು ಹತ್ತಿತಾ ಅಂತ ಕೇಳುತ್ತೇನೆ, ಸಿದ್ಧವಾಗಿರು.

ಮಕ್ಕಳಿಗೆ ಮುತ್ತು. ಅಳಿಯಂದಿರಿಗೆ ನಮ್ಮಿಬ್ಬರ ಆಶೀರ್ವಾದ ತಿಳಿಸು. ಅರಿಸಿನ ಬೇಯಿಸಿ ಒಣಗಿಸಿದ ಮೇಲೆ ನಿನಗೆ ವರ್ಷಕ್ಕಾಗುವಷ್ಟು ಎತ್ತಿಡುತ್ತೇನೆ.

ಇಂತಿ,
ನಿನ್ನ ಅತ್ತೆ